ಸ್ಪೆಂಡ್ ಅಂದ್ರೆ ಬರೀ ದುಡ್ಡಲ್ಲ

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಭೆಗೊಂದು ಇಂಗ್ಲಿಷ್ ಪದ ಕಲಿಯೋಣ ಅಂತ ನೀವೇ ತೀರ್ಮಾನ ಮಾಡಿ ನಡವಳಿ ಪುಸ್ತಕದಲ್ಲಿ ಬರೆಸಿದ್ದೀರಿ. ಬ್ಯಾಂಕಿನ ಚೀಟಿ ಇಂಗ್ಲಿಷ್, ಮೊಬೈಲಿಗೆ ಬರೋ ಮೆಸೇಜ್ ಇಂಗ್ಲಿಷ್, ಮಕ್ಕಳ ಶಾಲೆಯ ಡೈರಿ ಇಂಗ್ಲಿಷ್. ಪ್ರತಿ ಸಲವೂ ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಬೇಕಾದರೆ ನಮ್ಮ ಮನೆಯ ಲೆಕ್ಕವೆಲ್ಲ ಬೀದಿಗೆ ಗೊತ್ತಾಗುತ್ತೆ. ಆದ್ದರಿಂದ ನಿಮ್ಮ ತೀರ್ಮಾನ ಒಳ್ಳೆಯದೇ. ಇವತ್ತಿಗೆ ನಾವು ಆರಿಸಿಕೊಂಡಿರುವ ಪದ ‘ಸ್ಪೆಂಡ್’.

ಈ ಪದ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. "ಮಕ್ಕಳ ಜೊತೆ ಸ್ವಲ್ಪ ಟೈಮ್ ಸ್ಪೆಂಡ್ ಮಾಡಿ" ಅಂತ ಟೀಚರ್ ಹೇಳ್ತಾರೆ. "ತುಂಬಾ ಸ್ಪೆಂಡ್ ಆಗೋಯ್ತು" ಅಂತ ಸಂತೆಯಿಂದ ಬಂದವರು ಹೇಳ್ತಾರೆ. ಕೆಲವರು ಇಸ್ಕೂಲು ಅಂದ ಹಾಗೆ ಇಸ್ಪೆಂಡ್ ಅಂತಾರೆ. ಅಂದರೂ ಅಡ್ಡಿಯಿಲ್ಲ, ಅರ್ಥವಾಗುತ್ತೆ. ಇಸ್ಪೀಟಿಗೆ ಇಸ್ಪೆಂಡ್ ಮಾಡೋ ಗಂಡಸರ ಮಾತು ಬೇರೆ, ಅದಕ್ಕೆ ಇನ್ನೊಂದು ಸಭೆ ಬೇಕು.

ನಾವು ಗಮನಿಸಬೇಕಾದದ್ದು ಏನೆಂದರೆ, ಇಂಗ್ಲಿಷಿನವರು ಈ ಒಂದೇ ಪದವನ್ನು ಮೂರು ಕಡೆ ಬಳಸುತ್ತಾರೆ. ಹಣಕ್ಕೂ ಸ್ಪೆಂಡ್, ಹೊತ್ತಿಗೂ ಸ್ಪೆಂಡ್, ಮೈಯ ಶಕ್ತಿಗೂ ಸ್ಪೆಂಡ್. ಸ್ಪೆಂಡ್ ಮನಿ, ಸ್ಪೆಂಡ್ ಟೈಮ್, ಸ್ಪೆಂಡ್ ಎನರ್ಜಿ. ನಮ್ಮ ಕನ್ನಡದಲ್ಲಿ ಹೀಗಿಲ್ಲ. ದುಡ್ಡನ್ನು ಖರ್ಚು ಮಾಡ್ತೇವೆ. ಹೊತ್ತನ್ನು ಕಳೀತೇವೆ. ಶಕ್ತಿಯ ವಿಷಯಕ್ಕೆ ಬಂದರೆ ಮೈ ಸವೆಸ್ತೇವೆ, ಬೆವರು ಸುರಿಸ್ತೇವೆ, ರಟ್ಟೆ ಬಿದ್ದುಹೋಯ್ತು ಅಂತೇವೆ. ಮೂರಕ್ಕೂ ಬೇರೆ ಬೇರೆ ಮಾತು.

ಈ ‘ಕಳೆ’ ಅನ್ನೋ ಮಾತನ್ನೇ ನೋಡಿ. "ಮೂರು ದಿನ ತವರಿನಲ್ಲಿ ಕಳೆದೆ" ಅಂದರೆ ಸಂತೋಷದ ಮಾತು. "ಮುನ್ನೂರು ರೂಪಾಯಿ ಕಳೆದೆ" ಅಂದರೆ ಮನೆಯಲ್ಲಿ ಜಗಳ. ಹೊತ್ತಿನ ಜೊತೆ ಬಂದರೆ ಸ್ಪೆಂಡ್, ದುಡ್ಡಿನ ಜೊತೆ ಬಂದರೆ ಕಳೆದುಹೋಗುವುದು. ಹತ್ತರಿಂದ ನಾಲ್ಕು ಕಳೆ ಅಂತ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಅದೇ ಪದ. ಹೊಲದಲ್ಲಿ ಕೀಳುವುದೂ ಕಳೆ, ಮುಖದ ಮೇಲೆ ಇರಬೇಕಾದದ್ದೂ ಕಳೆ. ಒಂದು ಪದಕ್ಕೆ ಇಷ್ಟು ಕೆಲಸ ಕೊಟ್ಟ ನಮಗೆ ಸ್ಪೆಂಡ್ ಕಲಿಯುವುದು ಕಷ್ಟವೇನಲ್ಲ.

ಪದದ ಮೂಲ ಸ್ವಲ್ಪ ಹೇಳ್ತೇವೆ, ಕೇಳಿದರೆ ನೆನಪಿನಲ್ಲಿ ಉಳಿಯುತ್ತೆ. ಸ್ಪೆಂಡ್ ಅನ್ನುವುದು ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಅಲ್ಲಿ ಅದರ ಮೂಲ ‘ಎಕ್ಸ್‌ಪೆಂಡೆರೆ’. ಅಂದರೆ ತೂಗಿ ಕೊಡುವುದು. ಹಿಂದಿನ ಕಾಲದಲ್ಲಿ ಲೋಹವನ್ನು ತಕ್ಕಡಿಯಲ್ಲಿ ಇಟ್ಟು, ತೂಗಿ, ಬೆಲೆ ಕೊಡುತ್ತಿದ್ದರು. ಹಾಗೆ ತೂಗಿ ಹೊರಗೆ ಕೊಟ್ಟದ್ದೇ ಖರ್ಚು. ಎಕ್ಸ್‌ಪೆನ್ಸ್, ಪೆನ್ಷನ್, ಸ್ಟೈಪೆಂಡ್ ಎಲ್ಲವೂ ಆ ತೂಕದ ಕುಟುಂಬಕ್ಕೇ ಸೇರಿದವು. ನೀವು ಸರಕ್ಕೆ ಹಾಕಿಸುವ ಪೆಂಡೆಂಟ್ ಕೂಡ ಅದೇ ಬಳಗದ್ದು, ಯಾಕೆಂದರೆ ಅದು ತೂಗಾಡುತ್ತೆ. ಕನ್ನಡದಲ್ಲೂ ಹಾಗೇ ಅಲ್ಲವೇ? ಅಂಗಡಿಯವನು ಅಕ್ಕಿ ತೂಗ್ತಾನೆ, ನಾವು ತೊಟ್ಟಿಲು ತೂಗ್ತೇವೆ. ಒಂದೇ ಪದ. ಎಲ್ಲಿಯ ಲ್ಯಾಟಿನ್, ಎಲ್ಲಿಯ ಕನ್ನಡ! ಅಳೆದು ತೂಗಿ ಖರ್ಚು ಮಾಡು ಅಂತ ನಮ್ಮ ಅತ್ತೆಯಂದಿರು ಹೇಳುವಾಗ ಈ ಎರಡೂ ಸೇರಿಕೊಂಡಿರುತ್ತವೆ.

ನಾವು ಕನ್ನಡ ಅಂದುಕೊಂಡಿರುವ ‘ಖರ್ಚು’ ಕೂಡ ಹೊರಗಿನಿಂದ ಬಂದದ್ದೇ. ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮೂಲಕ ಬಂದ ಪದ. ಅದರ ಅರ್ಥ ಹೊರಗೆ ಹೋದದ್ದು. ಜಮಾ ಅಂದರೆ ಒಟ್ಟುಗೂಡಿದ್ದು. ನಮ್ಮ ಸಂಘದ ನಗದು ಪುಸ್ತಕದ ಎಡಗಡೆ ಒಟ್ಟುಗೂಡಿದ್ದು, ಬಲಗಡೆ ಹೊರಗೆ ಹೋದದ್ದು. ಇಷ್ಟು ತಿಳಿದರೆ ಜಮಾ ಖರ್ಚು ಬರೆಯುವಾಗ ಯಾವುದು ಯಾವ ಕಡೆ ಅನ್ನೋ ಗೊಂದಲ ಬರುವುದಿಲ್ಲ.

ಈಗ ಬಳಸುವ ಕ್ರಮಕ್ಕೆ ಬರೋಣ. ನಡೆದುಹೋದದ್ದನ್ನು ಹೇಳಬೇಕಾದರೆ ‘ಸ್ಪೆಂಟ್’ ಅನ್ನಬೇಕು. ‘ಸ್ಪೆಂಡೆಡ್’ ಅನ್ನೋ ಪದ ಇಲ್ಲ. ದಿನಾ ಮಾಡುವುದಾದರೆ ಐ ಸ್ಪೆಂಡ್, ನಿನ್ನೆ ಮಾಡಿದ್ದಾದರೆ ಐ ಸ್ಪೆಂಟ್. ಕಾರ್ಡಿನಲ್ಲಿ ಸಾಮಾನು ಕೊಂಡಾಗ ಕೆಲವು ಬ್ಯಾಂಕುಗಳ ಮೆಸೇಜಿನಲ್ಲಿ ‘ಸ್ಪೆಂಟ್’ ಅಂತ ಬರುತ್ತೆ. ನೀವು ಏನೂ ಕೊಳ್ಳದೆ ಇದ್ದಾಗ ಆ ಪದ ಬಂದರೆ ಸುಮ್ಮನಿರಬೇಡಿ, ಕೂಡಲೇ ಬ್ಯಾಂಕಿಗೆ ತಿಳಿಸಿ. ‘ಡೆಬಿಟೆಡ್’ ಅಂತ ಬಂದರೂ ಅಷ್ಟೇ, ಖಾತೆಯಿಂದ ಹೊರಗೆ ಹೋಯ್ತು ಅಂತ ಅರ್ಥ.

ನಮ್ಮಲ್ಲಿ ಹೆಚ್ಚಾಗಿ ತಪ್ಪುವುದು ಸ್ಪೆಂಡ್‌ನ ಹಿಂದೆ ಬರೋ ಚಿಕ್ಕ ಪದಗಳಲ್ಲಿ. ನಾವು ‘ಔಷಧಿಗೆ’ ಖರ್ಚು ಮಾಡಿದೆ ಅಂತೇವೆ. ಆ ‘ಗೆ’ ನೋಡಿ ‘ಫಾರ್ ಮೆಡಿಸಿನ್’ ಅಥವಾ ‘ಟು ಮೆಡಿಸಿನ್’ ಅಂದುಬಿಡ್ತೇವೆ. ಸ್ಪೆಂಡ್ ಜೊತೆಗೆ ‘ಆನ್’ ಹೇಳುವುದು ವಾಡಿಕೆ. "ಐ ಸ್ಪೆಂಟ್ ಟೂ ಹಂಡ್ರೆಡ್ ರುಪೀಸ್ ಆನ್ ಮೆಡಿಸಿನ್." ಔಷಧಿಗೆ ಇನ್ನೂರು ರೂಪಾಯಿ ಖರ್ಚು ಮಾಡಿದೆ. ಎಲ್ಲರೂ ಒಂದು ಸಲ ಹೇಳಿ. ಮಕ್ಕಳ ಪುಸ್ತಕಕ್ಕೆ ಅಂದರೆ ಆನ್ ಬುಕ್ಸ್, ತರಕಾರಿಗೆ ಅಂದರೆ ಆನ್ ವೆಜಿಟಬಲ್ಸ್.

ಹೊತ್ತಿನ ಮಾತಾದರೆ ಇನ್ನೊಂದು ರೀತಿ. ನೀರು ತರೋಕೆ ಎರಡು ಗಂಟೆ ಹಿಡಿಯುತ್ತೆ ಅನ್ನಬೇಕಾದರೆ "ಐ ಸ್ಪೆಂಡ್ ಟೂ ಅವರ್ಸ್ ಫೆಚಿಂಗ್ ವಾಟರ್." ಇಲ್ಲಿ ‘ಟು ಫೆಚ್’ ಅಲ್ಲ, ‘ಫೆಚಿಂಗ್’. ಅಡುಗೆಗೆ ಕುಕಿಂಗ್, ಬಟ್ಟೆಗೆ ವಾಷಿಂಗ್, ಹೊಲಿಗೆಗೆ ಸ್ಟಿಚಿಂಗ್. ಯಾರ ಜೊತೆ ಅಂತ ಹೇಳಬೇಕಾದರೆ ‘ವಿತ್’. "ಐ ಸ್ಪೆಂಟ್ ದಿ ಈವನಿಂಗ್ ವಿತ್ ಮೈ ಮದರ್." ಸಂಜೆಯನ್ನು ಅಮ್ಮನ ಜೊತೆ ಕಳೆದೆ. ಇಷ್ಟೇ. ಆನ್, ಇಂಗ್, ವಿತ್. ಇದರಾಚೆ ವ್ಯಾಕರಣ ಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ. ಕನ್ನಡದಲ್ಲಿ ಅಕ್ಕಿ ಖರ್ಚಾಯ್ತು, ಸೀಮೆಎಣ್ಣೆ ಖರ್ಚಾಯ್ತು, ಗ್ಯಾಸ್ ಖರ್ಚಾಯ್ತು ಅಂತೇವೆ. ಅಲ್ಲೆಲ್ಲ ಸ್ಪೆಂಡ್ ಹಾಕೋಕೆ ಆಗಲ್ಲ. ‘ರೈಸ್ ಸ್ಪೆಂಟ್’ ಅಂದರೆ ಯಾರಿಗೂ ಅರ್ಥವಾಗದು. ಸಾಮಾನು ಮುಗಿದದ್ದಕ್ಕೆ ‘ಓವರ್’ ಅಂತಲೋ ‘ಯೂಸ್ಡ್ ಅಪ್’ ಅಂತಲೋ ಹೇಳಬೇಕು. ಸ್ಪೆಂಡ್ ಅನ್ನುವುದು ಮುಖ್ಯವಾಗಿ ಹಣಕ್ಕೆ, ಹೊತ್ತಿಗೆ, ಶಕ್ತಿಗೆ ಸಲ್ಲುವ ಮಾತು. ಆದರೆ ಸ್ಪೆಂಟ್ ಅನ್ನೋ ಪದಕ್ಕೆ ಇನ್ನೊಂದು ಬಳಕೆ ಇದೆ. ಸಾರ ತೆಗೆದು ಉಳಿದದ್ದಕ್ಕೂ ಸ್ಪೆಂಟ್ ಅಂತಾರೆ. ಗೋಬರ್ ಗ್ಯಾಸಿನಿಂದ ಹೊರಗೆ ಬರೋ ಬಗ್ಗಡಕ್ಕೆ ಕೃಷಿಯವರ ಪುಸ್ತಕದಲ್ಲಿ ಸ್ಪೆಂಟ್ ಸ್ಲರಿ ಅನ್ನುವುದು ಅದಕ್ಕೇ. ಗ್ಯಾಸ್ ಕೊಟ್ಟು ಮುಗಿದ ಮೇಲೂ ಅದು ಗಿಡಕ್ಕೆ ಒಳ್ಳೇ ಗೊಬ್ಬರ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ದುಡಿದು ಸುಸ್ತಾದ ಮನುಷ್ಯರಿಗೂ ಸ್ಪೆಂಟ್ ಅನ್ನುವುದುಂಟು.

ಇನ್ನು ಸ್ಪೆಂಡ್ ಬೇರೆ, ವೇಸ್ಟ್ ಬೇರೆ. ಸಂಘದ ಸಭೆಗೆ ಬರೋ ಒಂದು ಗಂಟೆಯನ್ನು ಮನೆಯಲ್ಲಿ ಕೆಲವರು ಟೈಮ್ ವೇಸ್ಟ್ ಅಂತಾರೆ. ಕಟ್ಟೆಯ ಮೇಲೆ ಕೂತು ಅವರು ಕಳೆಯುವುದು ಮಾತ್ರ ಟೈಮ್ ಪಾಸ್. ಪದ ಆರಿಸುವವರು ಯಾರು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತೆ ನೋಡಿ.

ಇಲ್ಲಿಂದ ಮುಂದೆ ನಾವು ಹೇಳಬೇಕೆಂದಿದ್ದ ಮುಖ್ಯ ವಿಷಯ.

1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಅಲ್ಲಿಂದ ಇಲ್ಲಿಯವರೆಗೆ ನಾವು ಹೆಂಗಸರು ಕಲಿತ ದೊಡ್ಡ ವಿದ್ಯೆ ದುಡ್ಡಿನ ಲೆಕ್ಕ ಬರೆಯುವುದು. ವಾರಕ್ಕೆ ಹತ್ತು ರೂಪಾಯಿ ಉಳಿತಾಯವಾದರೂ ಪಾಸ್ ಪುಸ್ತಕದಲ್ಲಿ ಏರಬೇಕು, ಸಾಲದ ಕಂತು ಒಂದು ದಿನ ತಡವಾದರೂ ನಡವಳಿಯಲ್ಲಿ ಬರಬೇಕು. ಒಂದು ರೂಪಾಯಿ ತಾಳೆಯಾಗದಿದ್ದರೆ ಪ್ರತಿನಿಧಿಗಳು ರಾತ್ರಿಯೆಲ್ಲ ನಿದ್ದೆ ಮಾಡಲ್ಲ. ಹಣದ ಸ್ಪೆಂಡ್‌ಗೆ ನಮ್ಮ ಹತ್ತಿರ ನಾಲ್ಕು ಪುಸ್ತಕ ಇವೆ. ಹೊತ್ತಿಗೂ ಮೈಯ ಶಕ್ತಿಗೂ ಒಂದು ಹಾಳೆ ಕೂಡ ಇಲ್ಲ.

ಪುಸ್ತಕ ಇಲ್ಲದ ಖರ್ಚು ಖರ್ಚೇ ಅಲ್ಲ ಅಂತ ಎಲ್ಲರೂ ತಿಳಿದುಬಿಡ್ತಾರೆ. ನಿಮ್ಮ ಯಜಮಾನರನ್ನು ಯಾರಾದರೂ ಕೇಳಲಿ, "ನಿಮ್ಮ ಮನೆಯವರು ಏನು ಮಾಡ್ಕೊಂಡಿದ್ದಾರೆ?" ಉತ್ತರ ಏನು ಬರುತ್ತೆ? "ಏನೂ ಇಲ್ಲ, ಮನೇಲಿದ್ದಾರೆ." ಸರ್ಕಾರದ ಜನಗಣತಿಯೂ ಇದೇ ದಾರಿ ಹಿಡಿದಿದೆ. 2011ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಅಂತ ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದಷ್ಟು. ಬರೀ ಮನೆಗೆಲಸ ಮಾಡುವವರನ್ನು ಆ ಲೆಕ್ಕದಲ್ಲಿ ಸೇರಿಸಿದ್ದು ಎಲ್ಲಿ ಗೊತ್ತೇ? ಕೆಲಸ ಮಾಡದವರ ಪಟ್ಟಿಯಲ್ಲಿ.

ಹಾಗಾದರೆ ಈ ಹೊತ್ತನ್ನು ಅಳೆದವರೇ ಇಲ್ಲವೇ? ಇದ್ದಾರೆ. ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಇಡೀ ದೇಶದಲ್ಲಿ ಮನೆಮನೆಗೆ ಹೋಗಿ ಜನ ತಮ್ಮ ದಿನವನ್ನು ಹೇಗೆ ಕಳೀತಾರೆ ಅಂತ ಕೇಳಿತು. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ದರು. ಅಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ಗಂಡಸರದು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ ಮಾತ್ರ, ಆ ದಿನ ಕೈ ಹಾಕಿದವರು ನೂರಕ್ಕೆ ಇಪ್ಪತ್ತಾರು ಜನ. 2024ಕ್ಕೆ ಹೆಂಗಸರದು 289 ನಿಮಿಷಕ್ಕೆ ಇಳಿಯಿತು. ಹತ್ತು ನಿಮಿಷ ಉಳಿಯಿತು ಅಂತ ನಾವು ಸಂತೋಷಪಡುವಷ್ಟರಲ್ಲಿ ನೋಡಿದರೆ ಗಂಡಸರದೂ 88ಕ್ಕೆ ಇಳಿದಿದೆ. ನಮ್ಮ ಕೆಲಸವನ್ನು ಅವರು ಹಂಚಿಕೊಂಡದ್ದರಿಂದ ನಮ್ಮ ಹೊತ್ತು ಉಳಿದದ್ದಲ್ಲ ಅನ್ನುವುದು ಇದರಲ್ಲೇ ಕಾಣುತ್ತೆ. ಮಕ್ಕಳನ್ನು, ಕಾಯಿಲೆಯವರನ್ನು, ಮುದುಕರನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ, ಅದು ಬೇರೆ ಲೆಕ್ಕ.

ಈ ನಿಮಿಷಗಳಿಗೆ ಬೆಲೆ ಕಟ್ಟಿದ್ದೂ ಉಂಟು. ಆದರೆ ಸಾಮಾನ್ಯವಾಗಿ ಅದು ನಡೆಯುವುದು ಹೆಂಗಸು ಸತ್ತ ಮೇಲೆ. ಅಪಘಾತದಲ್ಲಿ ಗೃಹಿಣಿ ತೀರಿಕೊಂಡರೆ ಮನೆಯವರಿಗೆ ಎಷ್ಟು ಪರಿಹಾರ ಅನ್ನೋ ಪ್ರಶ್ನೆ ಬರುತ್ತೆ. ಆಕೆಗೆ ಸಂಬಳ ಇಲ್ಲವಲ್ಲ, ಯಾವ ಲೆಕ್ಕ ಹಿಡಿಯೋದು? ಜಮ್‌ಶೆಡ್‌ಪುರದಲ್ಲಿ 1989ರಲ್ಲಿ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು ಮಕ್ಕಳು ತೀರಿಕೊಂಡರು. ಆ ಮೊಕದ್ದಮೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್, 34ರಿಂದ 59 ವಯಸ್ಸಿನ ಗೃಹಿಣಿಯರು ಮನೆಗೆ ಸಲ್ಲಿಸುವ ಸೇವೆಯ ಬೆಲೆ ತಿಂಗಳಿಗೆ 3,000 ರೂಪಾಯಿ ಅಂತ ಹಿಡಿಯಿತು. ದಿನಕ್ಕೆ ನೂರು ರೂಪಾಯಿ. ಕಡಿಮೆ ಅಂತ ನೀವು ಅನ್ನಬಹುದು, ನಾವೂ ಅನ್ನುತ್ತೇವೆ. ಆದರೂ ಸೊನ್ನೆ ಅಲ್ಲ ಅಂತ ದೇಶದ ದೊಡ್ಡ ನ್ಯಾಯಾಲಯ ಹೇಳಿತಲ್ಲ, ಅದು ದೊಡ್ಡದು. ಮುಂದೆ 2021ರ ಜನವರಿಯಲ್ಲಿ ದೆಹಲಿಯ ಒಂದು ರಸ್ತೆ ಅಪಘಾತದ ಮೊಕದ್ದಮೆ. ಗಂಡ ಹೆಂಡತಿ ಇಬ್ಬರೂ ತೀರಿಕೊಂಡಿದ್ದರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ನಾವು ಈಗ ಹೇಳಿದ 299 ಮತ್ತು 97 ನಿಮಿಷಗಳ ಲೆಕ್ಕವನ್ನೇ ಎತ್ತಿ ಬರೆದರು. ಮನೆಯಲ್ಲಿರುವ ಹೆಂಗಸು ಕೆಲಸ ಮಾಡುವುದಿಲ್ಲ, ಮನೆಗೆ ಏನೂ ತರುವುದಿಲ್ಲ ಅನ್ನೋ ಭಾವನೆಯೇ ತಪ್ಪು, ಅದನ್ನು ಬಿಡಬೇಕು ಅನ್ನುವುದು ಅವರ ಮಾತಿನ ಸಾರ. ಕೋರ್ಟಿನಲ್ಲಿ ಆ ಮಾತು ಬಂದಿದೆ. ಅಡುಗೆ ಮನೆಗೆ ಇನ್ನೂ ಬರಬೇಕು.

ಹೊತ್ತಿಗೂ ದುಡ್ಡಿಗೂ ಇರುವ ಸಂಬಂಧ ಬಸ್ಸಿನಲ್ಲಿ ಚೆನ್ನಾಗಿ ತಿಳಿಯುತ್ತೆ. 2023ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್. ಇದರಿಂದ ಎಷ್ಟೋ ಅಕ್ಕಂದಿರು ಆಸ್ಪತ್ರೆ, ಸಂತೆ, ಕೆಲಸದ ಜಾಗ ತಲುಪಿದರು. ನಮಗೆ ಅದರ ಬಗ್ಗೆ ಗೌರವ ಇದೆ. ಆದರೆ ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಇದ್ದಾಗ ಟಿಕೆಟ್ಟಿಗೆ ಸೊನ್ನೆ, ಕಾದದ್ದಕ್ಕೆ ಮೂರು ಗಂಟೆ. ದುಡ್ಡು ಸ್ಪೆಂಡ್ ಆಗಲಿಲ್ಲ, ಟೈಮ್ ಸ್ಪೆಂಡ್ ಆಯ್ತು. ಗ್ರಾಮ ಸಭೆಯಲ್ಲಿ ಬಸ್ಸಿನ ವಿಷಯ ಎತ್ತುವಾಗ ಈ ಮೂರು ಗಂಟೆಯನ್ನೂ ಹೇಳಬೇಕು. "ಬಸ್ಸು ಫ್ರೀ ಅಲ್ವೇನಮ್ಮಾ, ಇನ್ನೇನು ಬೇಕು?" ಅಂತ ಯಾರಾದರೂ ಕೇಳಿದರೆ, "ಸ್ವಾಮಿ, ನಮ್ಮ ಹೊತ್ತು ಫ್ರೀ ಅಲ್ಲ" ಅನ್ನಿ.

ಮೂರನೆಯದು ಶಕ್ತಿ, ಎನರ್ಜಿ. ಹದಿನೈದು ಲೀಟರಿನ ಕೊಡ ತುಂಬಿದರೆ ನೀರೇ ಹದಿನೈದು ಕಿಲೋ, ಕೊಡದ ಭಾರ ಬೇರೆ. ದಿನಕ್ಕೆ ಆರು ಕೊಡ ಹೊತ್ತವರು ತೊಂಬತ್ತು ಕಿಲೋ ನೀರು ಹೊತ್ತಹಾಗೆ. ಸುಮಾರು ಎರಡು ಮೂಟೆ ಸಿಮೆಂಟಿನ ತೂಕ. ಅದನ್ನು ಹಮಾಲಿಯವರು ಹೊತ್ತರೆ ಕೂಲಿ ಕೇಳ್ತಾರೆ, ಕೇಳಬೇಕಾದದ್ದೇ. ಶಕ್ತಿಯಲ್ಲೂ ಜಮಾ ಇದ್ದರೆ ತಾನೇ ಖರ್ಚು? ಜಮಾ ಆಗುವುದು ಊಟದಿಂದ. ನಮ್ಮ ಮನೆಗಳಲ್ಲಿ ಊಟದ ಸಾಲು ಹೇಗಿದೆ? ಮೊದಲು ಗಂಡಸರು, ಆಮೇಲೆ ಮಕ್ಕಳು, ಅತ್ತೆ, ಕೊನೆಗೆ ಪಾತ್ರೆಯ ತಳದಲ್ಲಿ ಏನು ಉಳೀತೋ ಅದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಹೆಚ್ಚು. ಮುಖದಲ್ಲಿ ಕಳೆ ಇಲ್ಲ ಅಂತ ನೆಂಟರು ಹೇಳುವುದು ಸುಮ್ಮನೆ ಅಲ್ಲ. ಕುಡಿಕೆ ಹೊನ್ನಿದ್ದರೂ ಕೂತು ಉಂಡರೆ ಸಾಲದು ಅಂತ ಗಾದೆ ಇದೆ. ಇಲ್ಲಿ ಕೂತು ಉಣ್ಣದೇ ಇರುವವರ ಕುಡಿಕೆಯೇ ಬರಿದಾಗಿದೆ.

ರಾಗಿ, ಸೊಪ್ಪು, ಕಾಳು, ಬೆಲ್ಲ, ಸಾಧ್ಯವಾದವರಿಗೆ ಮೊಟ್ಟೆ, ಮೀನು. ಊಟದ ಜೊತೆ ಒಂದು ಹೋಳು ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತೆ. ಊಟ ಆದ ಕೂಡಲೇ ಚಹಾ ಕುಡಿದರೆ ಹಿಡಿಯುವುದು ಕಡಿಮೆಯಾಗುತ್ತೆ. ಸುಸ್ತು ಹೆಚ್ಚಾಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಇದನ್ನು ನಿಮ್ಮ ಮೇಲೆ ಮಾಡುವ ಖರ್ಚು ಅಂತ ಸಂಕೋಚಪಡಬೇಡಿ. ಹಸುವಿಗೆ ಹಿಂಡಿ ಹಾಕುವಾಗ ಯಾರೂ ಸಂಕೋಚಪಡಲ್ಲ. ಹಸುವಿನ ಹೋಲಿಕೆ ಕೊಟ್ಟದ್ದಕ್ಕೆ ಕೆಲವರು ಮುಖ ಗಂಟಿಕ್ಕುತ್ತಿದ್ದೀರಿ, ಕಾಣುತ್ತೆ. ಆದರೆ ಎಷ್ಟೋ ಮನೆಗಳಲ್ಲಿ ಹಸುವಿನ ಆರೈಕೆ ಸೊಸೆಯ ಆರೈಕೆಗಿಂತ ವಾಸಿ ಅನ್ನುವುದೂ ನಮಗೆಲ್ಲ ಗೊತ್ತು.

ಇದೆಲ್ಲ ಕೇಳಿ ಗಂಡಸರ ಮೇಲೆ ಜಗಳಕ್ಕೆ ಹೋಗಿ ಅಂತ ನಾವು ಹೇಳುತ್ತಿಲ್ಲ. ಜಗಳಕ್ಕೂ ಎನರ್ಜಿ ಸ್ಪೆಂಡ್ ಮಾಡಬೇಕು. ಲೆಕ್ಕ ತೋರಿಸುವುದು ಅದಕ್ಕಿಂತ ಸುಲಭ. ಸಂಘದ ದುಡ್ಡಿನ ಲೆಕ್ಕವನ್ನು ಮೊದಮೊದಲು ನಗಾಡಿದವರೇ, ಪಾಸ್ ಪುಸ್ತಕ ತುಂಬಿದ ಮೇಲೆ ಬಿತ್ತನೆಗೆ ಸಾಲ ಸಿಗುತ್ತದೆಯೇ ಅಂತ ಕೇಳಿಕೊಂಡು ಬಂದಿದ್ದಾರೆ. ಬರೆದದ್ದಕ್ಕೆ ಒಂದು ತೂಕ ಇರುತ್ತೆ.

ಆದ್ದರಿಂದ ಮುಂದಿನ ಸಭೆಯೊಳಗೆ ಪ್ರತಿಯೊಬ್ಬರೂ ಒಂದೇ ಒಂದು ದಿನದ ಲೆಕ್ಕ ಬರೆದು ತರಬೇಕು. ಸರ್ಕಾರದ ಸಮೀಕ್ಷೆಯವರು ಮಾಡಿದ ಹಾಗೇ ಮಾಡೋಣ. ಅವರು ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿ ಮಾರನೆಯ ದಿನ ನಾಲ್ಕಕ್ಕೆ ಮುಗಿಸ್ತಾರೆ, ಅರ್ಧ ಗಂಟೆಗೊಂದು ಮನೆ. ಒಟ್ಟು 48 ಮನೆ. ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಆ ಹೊತ್ತಿನಲ್ಲಿ ಮಾಡಿದ ಕೆಲಸ ಬರೆಯಿರಿ. ಒಂದೇ ಹೊತ್ತಿನಲ್ಲಿ ಎರಡು ಕೆಲಸ ಆಗಿದ್ದರೆ, ಒಲೆ ಮುಂದೆ ಕೂತು ಮಗುವಿಗೆ ಹಾಲು ಕುಡಿಸಿದ್ದರೆ, ಎರಡನ್ನೂ ಬರೆಯಿರಿ. ಬರೆಯಲು ಬಾರದವರು ಮಕ್ಕಳಿಂದ ಬರೆಸಿ, ಅವರಿಗೂ ಅಮ್ಮನ ದಿನ ಎಷ್ಟು ಉದ್ದ ಅಂತ ತಿಳಿಯಲಿ. ಪಕ್ಕದ ಹಾಳೆಯಲ್ಲಿ ಮನೆಯ ಯಜಮಾನರ 48 ಮನೆಯನ್ನು ಅವರೇ ಬರೆದುಕೊಡಲಿ. ಒಪ್ಪದಿದ್ದರೆ ಬಲವಂತ ಬೇಡ, ಹಾಳೆ ಖಾಲಿ ಇರಲಿ.

ಕೊನೆಗೆ ಒಂದು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕು, ಅಕ್ಷರ ಕನ್ನಡವಾದರೂ ಸರಿ. "ಟುಡೇ ಐ ಸ್ಪೆಂಟ್" ಅಂತ ಶುರು ಮಾಡಿ, ಎಷ್ಟು ಅವರ್ಸ್ ಅಂತ ಹಾಕಿ, ಆಮೇಲೆ ಕುಕಿಂಗ್, ವಾಷಿಂಗ್, ಯಾವುದೋ ಅದು. ಸ್ಪೆಂಡೆಡ್ ಅಂತ ಬರೆದವರಿಗೆ ದಂಡ ಇಲ್ಲ, ಆದರೆ ಅಂದಿನ ಚಹಾ ಅವರೇ ಕಾಯಿಸಬೇಕು. ಹಾಳೆಗಳನ್ನು ನಿಮ್ಮ ನಿಮ್ಮ ಸಂಘದ ಪ್ರತಿನಿಧಿಗಳ ಕೈಗೆ ಕೊಡಿ. ಈಗ ಉಳಿತಾಯದ ಹಣ ಕಟ್ಟುವವರು ಒಬ್ಬೊಬ್ಬರಾಗಿ ಮುಂದೆ ಬನ್ನಿ.